ಸಾಧಾರಣ ಸಂವತ್ಸರದವರು

ನಮ್ಮ ಊರಿನಲ್ಲಿ ಅರವತ್ತು ತುಂಬುವವರ ಕೈಗೆ ಊರಿನ ಕೀಲಿ ಕೊಡುತ್ತಾರೆ. ಯುಗಾದಿಯ ದಿನ ಬೇವುಬೆಲ್ಲ ತಿಂದಾದ ಮೇಲೆ ಎಲ್ಲರೂ ಚಾವಡಿಯಲ್ಲಿ ಸೇರುತ್ತಾರೆ. ಹಳೆಯ ಅರವತ್ತರವರು ಕೀಲಿಗೊಂಚಲನ್ನು ಹೊಸಬರಿಗೆ ಒಪ್ಪಿಸುತ್ತಾರೆ. ಆಮೇಲೆ ಊರ ಗೌಡರ ಮನೆಯವರು ವರ್ಷದ ಪುಸ್ತಕ ತೆರೆದು, ಆ ಸಂವತ್ಸರದ ಪುಟವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಅರವತ್ತು ವರ್ಷದ ಹಿಂದೆ ಊರಿಗೆ ಏನು ಬಂದಿತ್ತೋ ಅದು ಈ ವರ್ಷ ಮತ್ತೆ ಬರುತ್ತದೆ. ಆ ವರ್ಷ ಹುಟ್ಟಿದವರೇ ಅದಕ್ಕೆ ಹೊಣೆ. ನಮಗೆ ಇದು ಬೇಸಿಗೆ, ಮಳೆಗಾಲಗಳಷ್ಟೇ ರೂಢಿ.

ಪ್ಲವಂಗದವರ ವರ್ಷದಲ್ಲಿ ಗಾಣಿಗರ ಓಣಿಗೆ ಬೆಂಕಿ ಬರಬೇಕಿತ್ತು. ಅವರು ಮೊದಲೇ ಮಾಳಿಗೆಗಳ ಮೇಲೆ ನೀರಿನ ಕೊಡಗಳನ್ನು ಸಾಲುಸಾಲಾಗಿ ಇಡಿಸಿದ್ದರು. ಬೆಂಕಿ ಬಂತು, ಒಂದು ಬಣವೆ ಮಾತ್ರ ಸುಟ್ಟು ಹೋಯಿತು. ಕೀಲಕದವರಿಗೆ ಮಿಡತೆ. ಇಡೀ ಊರು ಹದಿನೈದು ದಿನ ತಗಡು ಬಡಿಯಿತು, ಜೋಳ ಉಳಿಯಿತು. ಸೌಮ್ಯದವರ ಪಾಲಿಗೆ ಸರ್ಕಸ್ಸಿನಿಂದ ತಪ್ಪಿಸಿಕೊಂಡ ಆನೆ ಬಂದು ಸಂತೆಪೇಟೆಯ ನಡುವೆ ಮೂರು ದಿನ ಕುಳಿತಿತು. ಅವರು ಕಬ್ಬಿನ ಗಾಡಿಗಳನ್ನು ಸಿದ್ಧವಾಗಿಟ್ಟುಕೊಂಡು ಕಾಯುತ್ತಿದ್ದರು. ಆ ಆನೆ ಎದ್ದು ಹೋಗುವಾಗ ನಮ್ಮ ಮಕ್ಕಳು ಅತ್ತರು.

ಆಮೇಲೆ ನಮ್ಮ ಸರದಿ. ಸಾಧಾರಣ ಸಂವತ್ಸರದಲ್ಲಿ ಹುಟ್ಟಿದವರು ಊರಿನಲ್ಲಿ ನಾಲ್ಕೇ ಜನ ಉಳಿದಿದ್ದೆವು. ದರ್ಜಿ ಚನ್ನಮಲ್ಲಪ್ಪ, ಅಂದರೆ ನಾನು. ಬಡಿಗೇರ ಮೌನೇಶ. ಮಂಡಕ್ಕಿ ಭಟ್ಟಿಯ ಹಸೀನಾಬಿ. ಮತ್ತು ಅಂಬಿಗರ ಹುಲಿಗೆವ್ವ. ನಾನು ಹೇಳಬೇಕೆಂದಿರುವುದು ಹುಲಿಗೆವ್ವನ ವಿಷಯವನ್ನೇ. ಆಕೆಯ ಮನಸ್ಸಿನಲ್ಲಿ ನಡೆದದ್ದನ್ನೆಲ್ಲ ಆಮೇಲೆ ಆಕೆಯೇ ಹೇಳಿದ್ದರಿಂದ ನನಗೆ ಗೊತ್ತು. ಎತ್ತರದ ಹೆಂಗಸು. ಗಂಡ ತೀರಿದ ಮೇಲೆ ಅಪ್ಪ ಕರೆಪ್ಪನ ಹರಗೋಲು ಹಿಡಿದು ಮೂವತ್ತು ವರ್ಷ ಹೊಳೆ ದಾಟಿಸಿದವಳು. ಈ ದಡದಲ್ಲಿ ನಿಂತು ಮಾತಾಡಿದರೆ ಆ ದಡದ ದನ ತಲೆ ಎತ್ತಿ ನೋಡುತ್ತವೆ, ಅಂಥ ಗಂಟಲು. ಓದು ಬರುವುದಿಲ್ಲ. ಯಾರಾದರೂ ಏನಾದರೂ ಓದಿದರೆ ಇನ್ನೊಮ್ಮೆ ಓದಿಸಿಯೇ ನಂಬುತ್ತಾಳೆ.

ಆ ಯುಗಾದಿಯಂದು ನಮ್ಮ ಪುಟ ಓದಿದವನು ಸಿದ್ರಾಮಗೌಡ. ಪುಸ್ತಕ ಇರುವುದು ಅವರ ಮನೆತನದ ವಶದಲ್ಲಿ. ಪುಟದಲ್ಲಿ ಒಂದೇ ಸಾಲಿತ್ತು: "ಈ ವರ್ಷ ವಿಶೇಷವೇನೂ ನಡೆಯಲಿಲ್ಲ. ಮಳೆ ಬೆಳೆ ಸಾಧಾರಣ."

ಚಾವಡಿಯೆಲ್ಲ ನಕ್ಕಿತು. "ಕೀಲಿ ತಗೊಂಡ ಮಲಕೊಳ್ರಿ ನೀವು" ಎಂದು ಯಾರೋ ಕೂಗಿದರು. ನನಗೂ ನಗು ಬಂತು, ಸಮಾಧಾನವೂ ಆಯಿತು. ಬೆಂಕಿ, ಆನೆಗಳನ್ನು ಎದುರಿಸುವವರ ಪೈಕಿ ನಾನಲ್ಲ. ಹುಲಿಗೆವ್ವ ಮಾತ್ರ, "ಇನ್ನೊಮ್ಮೆ ಓದ್ರಿ ಗೌಡ್ರ" ಎಂದಳು. ಅವನು ಓದಿದ. ಅಷ್ಟರಲ್ಲಿ ಗೋಡೆಗೆ ಆತು ಕುಳಿತಿದ್ದ ಆಕೆಯ ತಾಯಿ ನೀಲವ್ವ ಕೋಲು ಊರಿ ಎದ್ದಳು. ಎಂಬತ್ತನಾಲ್ಕು ವರ್ಷದ ಆ ಮುದುಕಿ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಮನೆಗೆ ಹೋದಳು. ಹೋಳಿಗೆ ಊಟಕ್ಕೂ ಬರಲಿಲ್ಲ.

ಹುಲಿಗೆವ್ವ ಎಂಟು ದಿನ ಕಾದಳು. ಒಂಬತ್ತನೆಯ ದಿನ ಮಧ್ಯಾಹ್ನ, ಇಬ್ಬರೂ ಪಡಸಾಲೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಾಗ ಕೇಳಿದಳು.

"ಯವ್ವಾ, ನಾ ಹುಟ್ಟಿದ ವರ್ಷ ಏನಾತು?"

"ಬುಕ್ಕಿನಾಗ ಬರದಾರಲ್ಲ."

"ಬುಕ್ ಬರದಾವ್ರು ಗೌಡ್ರ ಮನ್ಯಾವ್ರು. ನಾ ನಿನ್ನ ಕೇಳಾಕತ್ತೀನಿ."

ನೀಲವ್ವ ಹುಣಸೆಬೀಜಗಳನ್ನು ಒಂದು ಕಡೆ ಗುಡ್ಡೆ ಹಾಕಿದಳು. ಆಮೇಲೆ ಹೇಳಿದಳು.

ಆ ಶ್ರಾವಣದಲ್ಲಿ ಹೊಳೆ ತುಂಬಿ ಬಂದಿತ್ತಂತೆ. ಒಂದು ಮುಂಜಾನೆ ಆಚೆ ದಡದ ತಗ್ಗಿನಲ್ಲಿ ಜನ ಕಾಣಿಸಿಕೊಂಡರು. ಗಂಟುಮೂಟೆ, ಮಕ್ಕಳು, ಮುದುಕರು. ನೂರಕ್ಕೂ ಹೆಚ್ಚು. ಅವರ ಊರುಗಳು ಎಲ್ಲೋ ನೀರುಪಾಲಾಗಿದ್ದವು. ಎಲ್ಲಿ ಎಂದು ಯಾರೂ ಕೇಳಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಿಲ್ಲ. ಅವರಲ್ಲಿ ಅಂಟುವ ಜಡ್ಡಿದೆ ಎಂದು ಸುದ್ದಿ ಹಬ್ಬಿತು. ಅಂದಿನ ಗೌಡ, ಸಿದ್ರಾಮಗೌಡನ ಅಜ್ಜ, ಅಂಬಿಗರನ್ನೆಲ್ಲ ಕರೆಸಿ ದೋಣಿ ಹರಗೋಲುಗಳನ್ನು ಮೇಲೆಳೆದು ತನ್ನ ದನದ ಕೊಟ್ಟಿಗೆಯಲ್ಲಿ ಬೋರಲು ಹಾಕಿಸಿದ. ಆ ತಗ್ಗಿನ ಹಿಂದೆ ಹಳ್ಳವಿದೆ. ಹೊಳೆ, ಹಳ್ಳ ಎರಡೂ ತುಂಬಿದರೆ ಅದು ನಡುಗಡ್ಡೆಯಾಗುತ್ತದೆ, ಹಿಂದಕ್ಕೂ ಹೋಗುವಂತಿಲ್ಲ. ಮೂರು ದಿನ ಅವರು "ಓ ಅಂಬಿಗಾ" ಎಂದು ಕೂಗಿದರು.

"ಮೂರನೇ ದಿನ ನಾ ನಿನ್ನ ಹಡದೆ" ಎಂದಳು ನೀಲವ್ವ. "ನನ್ನ ಬ್ಯಾನಿ ಒದರಾಟದಾಗೂ ಅವರ ಒದರಾಟ ಕೇಳಸ್ತಿತ್ತು. ನಾಕನೇ ದಿನ ಮುಂಜಾನೆ ಏನೂ ಕೇಳಸಲಿಲ್ಲ. ತಗ್ಗೂ ಕಾಣಸಲಿಲ್ಲ, ಬರೇ ನೀರು."

"ಅಪ್ಪ?"

"ನಿಮ್ಮಪ್ಪನೂ ಹರಗೋಲು ಹೊತ್ತು ಕೊಟ್ಟಿಗಿಗೆ ಹಾಕಿದ. ತನ್ನ ಕೈಯಾರ."

ಹುಲಿಗೆವ್ವ ಆ ನಂತರ ಮೂರು ದಿನ ಹೊಳೆಯ ಕಡೆ ಹೋಗಲಿಲ್ಲ. ತೀರಿಹೋದ ಅಪ್ಪ ಕರೆಪ್ಪ ಎಂದರೆ ಆಕೆಗೆ ಪ್ರಾಣ. ಸುಳಿ ಎಲ್ಲಿ ಮಗ್ಗುಲು ಬದಲಿಸುತ್ತದೆ, ಎಲ್ಲಿ ಹುಟ್ಟು ಎತ್ತಿ ಸುಮ್ಮನಿರಬೇಕು, ಎಲ್ಲವನ್ನೂ ಆತ ಮಗಳಿಗೆ ಹೇಳಿಕೊಟ್ಟಿದ್ದ. ಇದೊಂದನ್ನು ಹೇಳಿರಲಿಲ್ಲ. ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಆಕೆ ಮನೆಯ ಹಿತ್ತಲಲ್ಲಿ ಒಣಗಿದ ಜಾಲಿಯನ್ನೆಲ್ಲ ಕಡಿದು ಹಾಕಿದಳಂತೆ. ನಾಲ್ಕನೆಯ ದಿನ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಸೀನಾಬಿಯ ಭಟ್ಟಿಗೆ ಬಂದಳು, ನಮ್ಮನ್ನೂ ಕರೆಸಿದಳು.

ತಾಯಿ ಹೇಳಿದ್ದನ್ನೆಲ್ಲ ನಮ್ಮ ಮುಂದಿಟ್ಟಳು. ಮೌನೇಶ ಮೆಲ್ಲಗೆ, "ಅವ್ವಗ ವಯಸ್ಸಾಗೇತಿ ಹುಲಿಗೆವ್ವ. ಏನರ ಕನಸು ಕಂಡಿರಬೇಕು" ಎಂದ.

"ಅರವತ್ತು ವರ್ಷ ಒಂದ ಕನಸು ಬೀಳತೈತೇನು?"

ಹಸೀನಾಬಿ ಬಾಣಲೆಯ ಮರಳನ್ನು ಕೆದಕುತ್ತಿದ್ದವಳು ಕೈ ನಿಲ್ಲಿಸಿದಳು. "ನಮ್ಮಜ್ಜಿ ಹೊಳಿ ನೀರು ಕುಡೀತಿದ್ದಿಲ್ಲ. ಸಾಯೋತನಕ ಬಾವಿ ನೀರ. ಯಾಕಂದ್ರ ಹೇಳತಿದ್ದಿಲ್ಲ" ಎಂದಳು. ಮೌನೇಶ ಮತ್ತೆ ಕನಸಿನ ಮಾತೆತ್ತಲಿಲ್ಲ.

ಊರನ್ನು ಚಾವಡಿಗೆ ಕರೆದೆವು. ಅರವತ್ತರವರು ಕರೆದರೆ ಬರದಿರುವಂತಿಲ್ಲ. ಹುಲಿಗೆವ್ವ ನಿಂತು, ತಾಯಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಅಪ್ಪನ ಹೆಸರನ್ನೂ ಮುಚ್ಚಿಡಲಿಲ್ಲ. ಸಿದ್ರಾಮಗೌಡನ ಮುಖ ಕೆಂಪಾಯಿತು. ಅವನಿಗೆ ನಲವತ್ತೈದು ವರ್ಷ. ಕೆಟ್ಟವನಲ್ಲ, ಆದರೆ ಅಜ್ಜನ ಫೋಟೋಕ್ಕೆ ದಿನಾ ಹಾರ ಹಾಕುವವನು.

"ಬುಕ್ಕಿನಾಗ ಇಲ್ಲದ್ದು ನಡದಿಲ್ಲ" ಎಂದ. "ನಮ್ಮಜ್ಜನ ಹೆಸರಿಗೆ ಮಸಿ ಬಳಿಯಾಕ ಒಬ್ಬಾಕಿ ಮುದುಕಿ ಮಾತು ಸಾಕೇನು?"

"ಒಬ್ಬಾಕಿ ಅಲ್ಲ" ಎಂದಿತು ಹಿಂದಿನಿಂದ ಒಂದು ದನಿ. ಕುರುಬರ ಬೀರಜ್ಜ ಎದ್ದಿದ್ದ. ಆತ ನಾಲ್ಕು ಜನರ ನಡುವೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ನಾ ಆಗ ಹನ್ನೆರಡು ವರ್ಷದಾವ. ಹರಗೋಲು ಬೋರಲು ಹಾಕಿದ ಮ್ಯಾಲ ಅವುಗಳ ಮ್ಯಾಲ ಹುಲ್ಲು ಮುಚ್ಚಿದಾವ ನಾ. ಚಲೋ ಕೆಲಸ ಮಾಡಿದಿ ಅಂತ ಗೌಡ್ರು ಬೆನ್ನು ತಟ್ಟಿದ್ರು."

ಒಬ್ಬ ಅಜ್ಜಿ ಕುಳಿತಲ್ಲಿಂದಲೇ, "ನಾವು ಕಿವ್ಯಾಗ ಹತ್ತಿ ಅರಳಿ ಇಟಗೊಂಡ್ವಿ. ನಮ್ಮತ್ತಿ ಎಲ್ಲಾರಿಗೂ ಇಟ್ಳು. ಸಣ್ಣ ಕೂಸಿಗೂ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಹನ್ನೊಂದು ಮಂದಿ ಹಳಬರು ಮಾತಾಡಿದರು. ಬೇರೆಯವರೆಲ್ಲ ಮರೆತಿದ್ದಾರೆ, ತನಗೆ ಮಾತ್ರ ಇದು ನೆನಪಿದೆ ಎಂದುಕೊಂಡು ಪ್ರತಿಯೊಬ್ಬರೂ ಅರವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ಬೀರಜ್ಜ ಅಳುತ್ತ ನೀಲವ್ವನ ಪಕ್ಕದಲ್ಲಿ ಕುಳಿತ. ನಮ್ಮ ವಾರಿಗೆಯವರೂ ಎಳೆಯರೂ ಅವರನ್ನು ಹೊಸಬರನ್ನು ನೋಡುವಂತೆ ನೋಡುತ್ತಿದ್ದರು.

ಸಿದ್ರಾಮಗೌಡ ರುಮಾಲು ತೆಗೆದು ಮುಖ ಒರೆಸಿಕೊಂಡ. ಆಮೇಲೆ, "ಆತು, ನಡದೈತಿ ಅಂತ ಇಟಗೋರಿ. ಈ ಶ್ರಾವಣದಾಗ ಮತ್ತ ಬರಾವರ ಕೂಡ ಜಡ್ಡು ಬಂದ್ರ? ನಮ್ಮ ಮಕ್ಕಳಿಗೆ ಹತ್ತಿದ್ರ ಯಾರು ಹೊಣಿ?" ಎಂದ. ಆ ಮಾತಿಗೆ ಅರ್ಧ ಊರು ಹೌದೆಂದಿತು. ನನ್ನ ಸೊಸೆಯೂ ಹೌದೆಂದಳು.

"ನಾವ ನಾಕು ಮಂದಿ ಹೊಣಿ. ನಾವ ಹುಟ್ಟಿದ ವರ್ಷ ಇದು" ಎಂದಳು ಹುಲಿಗೆವ್ವ.

ನಮ್ಮನ್ನು ಕೇಳದೆಯೇ ನಮ್ಮನ್ನು ಸೇರಿಸಿದ್ದಳು. ನಾನು ಬೇಡವೆನ್ನಲಿಲ್ಲ.

ಮುಂದಿನ ನಾಲ್ಕು ತಿಂಗಳು ನಾವು ದುಡಿದಂತೆ ಆ ವಯಸ್ಸಿನಲ್ಲಿ ಯಾರೂ ದುಡಿದಿರಲಾರರು. ಊರಿನಲ್ಲಿ ಉಳಿದಿದ್ದದ್ದು ಹುಲಿಗೆವ್ವನ ಒಂದು ಹರಗೋಲು, ಮತ್ತೆ ಹರಕು ಮುರುಕು ಮೂರು, ಒಂದು ಹಳೆಯ ದೋಣಿ. ಮೌನೇಶ ಬಿದಿರು ಸೀಳಿ ಹೊಸ ಹರಗೋಲುಗಳಿಗೆ ಬುಟ್ಟಿ ಹೆಣೆಸಿದ, ಮುರಿದ ದೋಣಿಗೆ ಹೊಸ ಹಲಗೆ ಜಡಿದ. ನಾನು ಹರಗೋಲುಗಳ ಹೊದಿಕೆಗೆ ತಾಡಪಾಲು ಹೊಲಿದೆ. ಕುಪ್ಪಸ, ಲಂಗ ಹೊಲಿದ ಮಷೀನಿಗೆ ಅದು ಬಗ್ಗಲಿಲ್ಲ, ಕೈಯಲ್ಲೇ ದಬ್ಬಳ ಹಿಡಿದೆ. ಹಸೀನಾಬಿ ಊರ ಹೊರಗಿನ ಹತ್ತಿ ಗೋದಾಮನ್ನು ತೊಳೆಸಿ ಸುಣ್ಣ ಹೊಡೆಸಿದಳು. ಬಂದವರು ಹತ್ತು ದಿನ ಅಲ್ಲಿರುವುದು, ಜಡ್ಡು ಇದ್ದರೆ ಅಲ್ಲೇ ವಾಸಿಯಾಗುವುದು ಎಂದು ಊರಿನ ನರ್ಸಮ್ಮನ ಜೊತೆ ಕುಳಿತು ಗೊತ್ತುಮಾಡಿದಳು. ಮೊದಮೊದಲು ನಾವು ನಾಲ್ವರೇ. ಆಮೇಲೆ ಬೀರಜ್ಜ ಹಗ್ಗ ಹೊಸೆಯಲು ಬಂದ. ಅವನ ಹಿಂದೆ ಆ ಹನ್ನೊಂದು ಮಂದಿಯಲ್ಲಿ ನಡೆಯಬಲ್ಲವರೆಲ್ಲ ಬಂದರು. ಅಜ್ಜಂದಿರು ಬಿಸಿಲಲ್ಲಿ ಬೆವರುವುದನ್ನು ನೋಡಲಾರದೆ ಮೊಮ್ಮಕ್ಕಳು ಬಂದರು. ನನ್ನ ಸೊಸೆ ಬರಲಿಲ್ಲ, ಆದರೆ ದಬ್ಬಳ ಚುಚ್ಚಿದ ನನ್ನ ಬೆರಳಿಗೆ ಅರಿಸಿನ ಕಟ್ಟತೊಡಗಿದಳು.

ಶ್ರಾವಣ ಬಂತು. ಎರಡನೆಯ ಸೋಮವಾರ, ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ ಕೂಗು ಕೇಳಿಸಿತು.

ನಾನು ಹೊಳೆಗೆ ಓಡಿದೆ. ಮೆಟ್ಟಿಲುಗಳ ಮೇಲೆ ಊರೇ ನೆರೆದಿತ್ತು. ಆಚೆ ತಗ್ಗಿನಲ್ಲಿ ಜನ. ನೀಲವ್ವ ಹೇಳಿದಂತೆಯೇ ಗಂಟುಮೂಟೆ, ಮಕ್ಕಳು. ಅವರ ಹಿಂದೆ ಹಳ್ಳ ಆಗಲೇ ತುಂಬಿ ಹರಿಯುತ್ತಿತ್ತು. ನಮ್ಮ ನಡುವೆ ಹೊಳೆ ಕೆಂಪಗೆ, ಮರಗಳನ್ನು ಬೇರು ಸಮೇತ ಹೊತ್ತು ಹೋಗುತ್ತಿತ್ತು. ಹುಟ್ಟು ಹಾಕಲು ಒಪ್ಪಿದ್ದ ಅಂಬಿಗರ ಹುಡುಗರು ಅದನ್ನು ನೋಡಿ ಹಿಂದೆ ಸರಿದರು. "ಇಂಥಾ ಹೊಳ್ಯಾಗ ಯಾರೂ ಹುಟ್ಟು ಹಾಕಿಲ್ಲ ಚಿಗವ್ವಾ. ನಾಳೆ ಇಳೀತೈತಿ" ಎಂದರು.

"ನಾಳೆ ಏರತೈತಿ" ಎಂದಳು ಹುಲಿಗೆವ್ವ. ಸೀರೆಯನ್ನು ಕಚ್ಚೆ ಹಾಕಿದಳು. ಹರಗೋಲನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದಳು. ಹರಿವು ಇರುವಾಗ ಎದುರು ದಡ ಮುಟ್ಟಬೇಕಾದರೆ ಅರ್ಧ ಮೈಲಿ ಮೇಲಿನಿಂದ ಬಿಡಬೇಕು. ನಾನು ಹಿಂದೆ ಹೋದೆ. "ನಿನಗ ಈಸು ಬರತೈತೇನು?" ಎಂದು ಕೇಳಿದಳು. ಇಲ್ಲವೆಂದೆ. "ಹಂಗಾರ ಹರಗೋಲಿನಾಗ ನೀರು ನಿಲ್ಲದಂಗ ನೋಡಕೋ. ಭಯಕ್ಕ ಚಲೋ ಮೊಗೀತಿ" ಎಂದು ಕೈಗೆ ಒಂದು ತಂಬಿಗೆ ಕೊಟ್ಟಳು.

ಆ ದಾಟುವಿಕೆಯ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಹರಗೋಲು ಗಿರಗಿರನೆ ತಿರುಗಿತು. ನಾನು ನೀರು ಮೊಗೆದು ಚೆಲ್ಲುತ್ತಿದ್ದೆ. ಒಂದು ಮರದ ದಿಮ್ಮಿ ನಮ್ಮ ಕಡೆಗೇ ಬಂತು. ಆಕೆ ಹುಟ್ಟು ಮೇಲೆತ್ತಿ, ಏನೂ ಮಾಡದೆ, ಉಸಿರು ಬಿಗಿಹಿಡಿದು ನಿಂತಳು. ದಿಮ್ಮಿ ಮಗ್ಗುಲಲ್ಲಿ ಸವರಿಕೊಂಡು ಹೋಯಿತು. "ಅಪ್ಪ ಹೇಳಿಕೊಟ್ಟಿದ್ದು" ಎಂದಳು, ನನಗೋ ಹೊಳೆಗೋ ತಿಳಿಯದು. ಮರುಕ್ಷಣ ತಳ ಕೆಸರಿಗೆ ತಾಗಿತು.

ತಗ್ಗಿನ ಜನ ಓಡಿ ಬರಲಿಲ್ಲ. ನಿಂತಲ್ಲೇ ನಿಂತು ನಮ್ಮನ್ನು ನೋಡಿದರು. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡಿದ್ದ ಒಬ್ಬ ಹೆಂಗಸು ಮುಂದೆ ಬಂದಳು.

"ಯಾರು ಕಳಿಸ್ಯಾರ ನಿಮ್ಮನ್ನ?"

"ಯಾರೂ ಕಳಿಸಿಲ್ಲ. ನಾವ ಬಂದೀವಿ."

"ಮೊದಲ ಹೇಳಿಬಿಡ್ತೀನವ್ವಾ. ನಮ್ಮೊಳಗ ಮೂರು ಮಂದಿಗೆ ಜ್ವರ ಐತಿ. ಆಮ್ಯಾಲ ನಡು ಹೊಳ್ಯಾಗ ಇಳಿಸಬ್ಯಾಡ್ರಿ."

"ಜ್ವರದಾವ್ರು ಮೊದಲು ಕೂಡ್ರಿ" ಎಂದಳು ಹುಲಿಗೆವ್ವ. ಆ ಹೆಂಗಸು ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಹಿಂದೆ ತಿರುಗಿ ಕೈ ಬೀಸಿದಳು.

ಹತ್ತು ಜನರನ್ನು ಹೇರಿಕೊಂಡು ನಾವು ಈಚೆ ದಡ ಮುಟ್ಟಿದೆವು. ಕೆಳಗಿನ ಮೆಟ್ಟಿಲಿನಲ್ಲಿ ನೀಲವ್ವ ಕುಳಿತಿದ್ದಳು. ಮೊದಲು ಇಳಿದವನು ಜ್ವರದಿಂದ ನಡುಗುತ್ತಿದ್ದ ಮುದುಕ. ಅವಳು ಅವನ ಕೈ ಹಿಡಿದು, "ಬಂದಿ? ಬಾ" ಎಂದಳು. ಅಷ್ಟೇ. ಅಂಬಿಗರ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಲಿಗೆವ್ವ ಎರಡನೆಯ ಸಲ ಹರಗೋಲು ಹೊತ್ತಾಗ ಅವಳ ಹಿಂದೆ ಏಳು ಹರಗೋಲುಗಳು ಏಳು ತಲೆಗಳ ಮೇಲೆ ಏರಿದ್ದವು.

ಹೊಳೆಗೆ ಅಷ್ಟೊಂದು ಹರಗೋಲುಗಳು ಒಟ್ಟಿಗೆ ಬಿದ್ದದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಮೌನೇಶ ದೋಣಿಯನ್ನೂ ಇಳಿಸಿದ. ಬೀರಜ್ಜ ಹೊಸೆದ ಹಗ್ಗ ಹಿಡಿದು ಹರೆಯದವರು ಸೊಂಟಮಟ್ಟದ ನೀರಿನಲ್ಲಿ ಸಾಲಾಗಿ ನಿಂತರು. ಹೆಂಗಸರು ಒಲೆಗಳನ್ನೇ ಹೊಳೆಗೆ ತಂದರು. ಮಧ್ಯಾಹ್ನದ ಹೊತ್ತಿಗೆ ಒಂದು ಹರಗೋಲು ಹದ ತಪ್ಪಿ ಕೆಳಗಿನ ಬಂಡೆಗಳತ್ತ ಹೋಗತೊಡಗಿತು. ಅದರಲ್ಲಿ ಐದು ಮಕ್ಕಳಿದ್ದರು. ಬಂಡೆಯ ಹತ್ತಿರ, ಎಲ್ಲರಿಂದ ದೂರ, ಕೈ ಕಟ್ಟಿ ನಿಂತಿದ್ದವನು ಸಿದ್ರಾಮಗೌಡನೊಬ್ಬನೇ. ಅವನು ಬಿಳಿ ಧೋತರದಲ್ಲೇ ನೀರಿಗೆ ಹಾರಿದ. ಹರಗೋಲಿನ ಅಂಚು ಹಿಡಿದು, ಕುತ್ತಿಗೆ ತನಕ ಮುಳುಗಿ, ಹುಟ್ಟು ಹಾಕುತ್ತಿದ್ದ ಹುಡುಗನನ್ನು ಬಾಯಿಗೆ ಬಂದಂತೆ ಬೈಯುತ್ತ ದಡಕ್ಕೆಳೆದ. ಆಮೇಲೆ ಅವನು ನೀರಿನಿಂದ ಮೇಲೆ ಬರಲೇ ಇಲ್ಲ. ಸಂಜೆಯ ತನಕ ಅಲ್ಲೇ ನಿಂತು ಬಂದ ಹರಗೋಲುಗಳನ್ನೆಲ್ಲ ಹಿಡಿದ, ಎಲ್ಲರನ್ನೂ ಬೈದ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಕೊನೆಯ ಸರತಿಗೆ ಹೊರಟಾಗ ತಗ್ಗಿನಲ್ಲಿ ನೀರು ಮೊಣಕಾಲು ಮುಟ್ಟಿತ್ತು. ಉಳಿದಿದ್ದವರು ಆರು ಜನ, ಅವರ ನಡುವೆ ಮಗುವನ್ನು ಹೆಗಲ ಮೇಲೆ ಹೊತ್ತ ಅದೇ ಹೆಂಗಸು. ತನ್ನ ಜನರೆಲ್ಲ ದಾಟುವ ತನಕ ಆಕೆ ಕದಲಿರಲಿಲ್ಲ. ಹುಲಿಗೆವ್ವನ ಅಂಗೈ ಒಡೆದು ಹುಟ್ಟಿನ ಹಿಡಿ ಕೆಂಪಾಗಿತ್ತು. ಅದನ್ನು ಕಂಡು ಆ ಹೆಂಗಸು ಮಗುವನ್ನು ನನ್ನ ತೊಡೆಗೆ ಕೂರಿಸಿ ತಾನೂ ಒಂದು ಹುಟ್ಟು ಹಿಡಿದಳು. ಇಬ್ಬರೂ ಎದುರುಬದುರಾಗಿ ಕುಳಿತು ಹಾಕಿದರು. ಹಿಂತಿರುಗಿ ನೋಡಿದರೆ ತಗ್ಗು ಇರಲಿಲ್ಲ. ನಾವು ಮೆಟ್ಟಿಲು ಮುಟ್ಟಿದೆವು. ಮೇಲಿನಿಂದ ಹಲಗೆ, ತಾಸೆ ವಾದ್ಯಗಳು ಒಮ್ಮೆಗೇ ಮೊಳಗಿದವು. ಊರು ಕೂಗಿದ ಕೂಗಿಗೆ ಮರಗಳ ಮೇಲಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ನೀಲವ್ವ ಕತ್ತೆತ್ತಿ, "ಎಷ್ಟು ಮಂದಿ?" ಎಂದು ಕೇಳಿದಳು.

"ನೂರಾ ಅರವತ್ತಮೂರು ಯವ್ವಾ. ಎಲ್ಲಾರೂ" ಎಂದಳು ಹುಲಿಗೆವ್ವ. ತಾಯಿಯ ಪಕ್ಕದಲ್ಲಿ ಕುಳಿತು, ಮೊದಲ ಸಲ, ಗಟ್ಟಿಯಾಗಿ ಅತ್ತಳು. ಆ ಅಳುವಿನಲ್ಲಿ "ಅಪ್ಪಾ" ಎಂಬ ಮಾತು ಕೇಳಿಸಿತು. ಸಿಟ್ಟು ಅದರಲ್ಲಿರಲಿಲ್ಲ.

ಹತ್ತು ದಿನ ಅವರು ಗೋದಾಮಿನಲ್ಲಿದ್ದರು. ಜ್ವರದ ಮೂವರಿಗೂ ನರ್ಸಮ್ಮನ ಕೈಗುಣದಿಂದ ಏಳನೆಯ ದಿನ ಬೆವರು ಬಿಟ್ಟಿತು, ಬೇರೆ ಯಾರಿಗೂ ಹತ್ತಲಿಲ್ಲ. ಅವರ ಊರುಗಳ ಹೆಸರು, ಅವರವರ ಹೆಸರು, ತಂದೆತಾಯಿಗಳ ಹೆಸರು ಎಲ್ಲವನ್ನೂ ನಾವು ಕೇಳಿ ತಿಳಿದುಕೊಂಡೆವು.

ಹನ್ನೊಂದನೆಯ ದಿನ ಬೆಳಿಗ್ಗೆ ಹುಲಿಗೆವ್ವ ಗೋದಾಮಿನ ಬಾಗಿಲು ತೆಗೆದಳು. ಅವರು ಮಿಂದು, ಹಸೀನಾಬಿ ಕೂಡಿಸಿಕೊಟ್ಟ ಬಟ್ಟೆ ತೊಟ್ಟು, ಸಂಕೋಚದಿಂದ ಒಬ್ಬರ ಹಿಂದೆ ಒಬ್ಬರು ಸಂತೆಪೇಟೆಗೆ ಬಂದರು. ಈ ಬದಿಗೆ ಊರಿನವರು ನಿಂತಿದ್ದರು. ಒಂದು ನಾಯಿ ಮಾತ್ರ ಎರಡೂ ಗುಂಪುಗಳ ನಡುವೆ ಓಡಾಡಿತು.

"ಏನು ನೋಡ್ತೀರಿ ಪಿಳಿಪಿಳಿ?" ಎಂದು ಗದರಿದಳು ಹುಲಿಗೆವ್ವ. "ಹೊತ್ತಾತು. ಊಟಕ್ಕ ಕರೀರಿ!"

ಮೊದಲು ಮುಂದೆ ಹೋದವಳು ನನ್ನ ಸೊಸೆ. ಒಬ್ಬ ಅಜ್ಜಿಯನ್ನೂ ಆಕೆಯ ಇಬ್ಬರು ಮೊಮ್ಮಕ್ಕಳನ್ನೂ ಕೈ ಹಿಡಿದು ಕರೆದುಕೊಂಡು ಹೊರಟೇಬಿಟ್ಟಳು. ಅಷ್ಟೇ ಸಾಕಾಯಿತು. ಗಾಣಿಗರ ಓಣಿಯವರು ನುಗ್ಗಿದರು, ಕುರುಬರ ಓಣಿಯವರು ನುಗ್ಗಿದರು. "ನಮ್ಮನಿಗೆ ಬರ್ರಿ", "ಇವರನ್ನ ನಾ ಮೊದಲ ಕರದೀನಿ", "ನಿಮ್ಮನ್ಯಾಗ ಎಂಟು ಮಂದಿ ಆದ್ರಲ್ಲ, ನಮಗೊಬ್ಬರನ್ನರ ಬಿಡ್ರಿ" ಎಂದು ಜಗಳ ಹತ್ತಿತು. ಸಿದ್ರಾಮಗೌಡ ಹನ್ನೆರಡು ಜನರನ್ನು ಸುತ್ತುಗಟ್ಟಿಕೊಂಡು, ಯಾರಾದರೂ ಕಸಿದಾರೆಂದು ಹಿಂದೆ ನೋಡುತ್ತ ನೋಡುತ್ತ ಹೋದ. ಬಂದವರು ನಗತೊಡಗಿದರು. ಅವರು ನಕ್ಕದ್ದನ್ನು ನಾವು ಅಂದೇ ಮೊದಲು ಕಂಡದ್ದು.

ಅರ್ಧ ತಾಸಿನಲ್ಲಿ ಸಂತೆಪೇಟೆ ಖಾಲಿ. ಓಣಿ ಓಣಿಗಳಿಂದ ಒಗ್ಗರಣೆಯ ಚುಂಯ್ ಸದ್ದು ಬರುತ್ತಿತ್ತು. ಹುಲಿಗೆವ್ವ ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಅವಳ ಮನೆಯಲ್ಲಿ ನೀಲವ್ವ ಬೆಳಗಿನಿಂದ ಇಪ್ಪತ್ತು ಜನರಿಗಾಗುವಷ್ಟು ಸಿಹಿ ಮಾದಲಿ ಮಾಡಿಟ್ಟುಕೊಂಡು ಕುಳಿತಿದ್ದಳು.

"ಚನ್ನಮಲ್ಲ" ಎಂದಳು ಹುಲಿಗೆವ್ವ ಸುತ್ತ ನೋಡುತ್ತ. "ನಮಗ ಒಬ್ಬರೂ ಉಳೀಲಿಲ್ಲಲ್ಲೋ!"

ಹಾಗೆಂದು ನಕ್ಕಳು. ಅಂಥ ಗಂಟಲು ಅದು. ನಗು ಸಂತೆಪೇಟೆ ದಾಟಿ, ಮಾಳಿಗೆಗಳ ಮೇಲೆ ಹಾಯ್ದು ಹೋಯಿತು. ಉಣ್ಣಲು ಕುಳಿತವರು ಎಲ್ಲ ಮನೆಗಳ ಬಾಗಿಲಿಗೆ ಬಂದು ಇಣುಕಿದರು.